ಅರ್ಧ ಲಿವರ್ ಇದ್ದಾಗ ನೋವಿನ ಔಷಧ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ನನ್ನ ತಮ್ಮ ನಮ್ಮ ತಂದೆಯವರಿಗೆ ತನ್ನ ಲಿವರಿನ ಬಲಭಾಗ ಕೊಟ್ಟ. ಇಬ್ಬರೂ ಮನೆಗೆ ಬಂದಿದ್ದಾರೆ, ಚೆನ್ನಾಗಿದ್ದಾರೆ. ಆಸ್ಪತ್ರೆಯಲ್ಲಿ ಕಂಡ ಒಂದು ವಿಷಯ ಮಾತ್ರ ಇನ್ನೂ ತಲೆ ಕೊರೆಯುತ್ತಿದೆ. ‘ಲಿವರಿಗೆ ಕೆಟ್ಟದ್ದು’ ಅಂತ ಎಲ್ಲರೂ ಹೇಳುವ ಪ್ಯಾರಾಸಿಟಮಾಲನ್ನೇ ತಮ್ಮನಿಗೆ ಮೊದಲ ದಿನದಿಂದ ಕೊಟ್ಟರು. ಬೆನ್ನುನೋವಿಗೆ ನಾವೆಲ್ಲ ನುಂಗುವ ಡೈಕ್ಲೋಫೆನಾಕ್ ಕೊಡಬಹುದಲ್ಲ ಎಂದರೆ ಬೇಡವೇ ಬೇಡ ಎಂದರು. ಅರ್ಧಕ್ಕಿಂತ ಹೆಚ್ಚು ಲಿವರ್ ತೆಗೆದ ಮೇಲೆ ಔಷಧವನ್ನೂ ಅರ್ಧ ಕೊಟ್ಟರೆ ಸಾಲದೇ? ಉಳಿದ ತುಂಡು ಅದನ್ನೆಲ್ಲ ಹೇಗೆ ಅರಗಿಸಿಕೊಳ್ಳುತ್ತದೆ? ಇನ್ನೊಂದು ಆಶ್ಚರ್ಯ, ಅಷ್ಟು ಕಾಯಿಲೆಯಾಗಿದ್ದ ಅಪ್ಪನಿಗೆ ತಮ್ಮನಿಗಿಂತ ಕಡಿಮೆ ನೋವಿನ ಔಷಧ ಸಾಕಾಯಿತು. ಅದು ಹೇಗೆ?
(ಓದುಗರೊಬ್ಬರು, ಸಾಗರ)

ಉತ್ತರ: ಅರ್ಧ ಲಿವರಿಗೆ ಅರ್ಧ ಔಷಧ ಎಂಬ ನಿಮ್ಮ ಲೆಕ್ಕ ಕೇಳಲು ಸರಿಯಾಗಿಯೇ ಇದೆ, ದೇಹ ಮಾತ್ರ ಒಪ್ಪುವುದಿಲ್ಲ. ನೋವಿನ ಔಷಧಗಳು ಒಂದೊಂದು ಒಂದೊಂದು ದಾರಿಯಲ್ಲಿ ಮೈಯಿಂದ ಹೊರಬೀಳುತ್ತವೆ. ಲಿವರ್ ಕೊಯ್ದ ಮೇಲೆ ಕೆಲವು ದಾರಿಗಳು ಕಿರಿದಾಗುತ್ತವೆ, ಕೆಲವು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಇನ್ನು ಕೆಲವು ಔಷಧಗಳನ್ನು ವೈದ್ಯರು ದೂರವಿಡುವುದು ಬಹುಪಾಲು ಕಿಡ್ನಿ ಮತ್ತು ರಕ್ತಸ್ರಾವದ ಭಯಕ್ಕೆ. ನಿಮ್ಮ ಡೈಕ್ಲೋಫೆನಾಕ್ ಈ ಕೊನೆಯ ಗುಂಪಿನದು.

ರಕ್ತ ಹರಿಯುವ ದಾರಿಯಿಂದಲೇ ಶುರುಮಾಡೋಣ. ದೊಡ್ಡವರ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಹೃದಯ ನಿಮಿಷಕ್ಕೆ ಹೊರಗೆ ದೂಡುವ ರಕ್ತದಲ್ಲಿ ಕಾಲುಭಾಗ, ಅಂದರೆ ಒಂದೂವರೆ ಲೀಟರಿನಷ್ಟು, ಇದರ ಮೂಲಕ ಹಾಯುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲನ್ನು ತರುವುದು ಪೋರ್ಟಲ್ ಅಭಿಧಮನಿ. ಜಠರ, ಕರುಳು, ಗುಲ್ಮಗಳ ರಕ್ತವೆಲ್ಲ ಅದರಲ್ಲಿ ಕೂಡಿಕೊಂಡು ಲಿವರಿಗೆ ಬರುತ್ತದೆ. ಹಾಗಾಗಿ ನುಂಗಿದ ಮಾತ್ರೆ ಮೈಯ ಉಳಿದ ಭಾಗ ಮುಟ್ಟುವ ಮೊದಲು ಲಿವರನ್ನು ದಾಟಲೇಬೇಕು. ಮಾರ್ಫಿನ್ನನ್ನು ಬಾಯಿಂದ ಕೊಟ್ಟರೆ ಈ ಮೊದಲ ಸುತ್ತಿನಲ್ಲಿ ಬಹುಪಾಲು ಕಳೆದುಹೋಗಿ, ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ರಕ್ತಕ್ಕೆ ದಕ್ಕುತ್ತದೆ. ನರಕ್ಕೆ ಚುಚ್ಚಿದರೆ ಪೂರ್ತಿ ದಕ್ಕುತ್ತದೆ. ಒಂದೇ ಔಷಧಕ್ಕೆ ಮಾತ್ರೆಯ ಅಳತೆ ಬೇರೆ, ಇಂಜೆಕ್ಷನ್ನಿನ ಅಳತೆ ಬೇರೆ ಇರುವುದು ಇದಕ್ಕೇ.

ಬಲಭಾಗ ದಾನ ಮಾಡಿದವರಲ್ಲಿ ಸಾಮಾನ್ಯವಾಗಿ ಉಳಿಯುವುದು ನೂರಕ್ಕೆ 30ರಿಂದ 40 ಭಾಗ. ಆದರೆ ಕರುಳಿನಿಂದ ಬರುವ ರಕ್ತವೇನೂ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ, ಬಹುಪಾಲು ಹಾಗೇ ಬಂದು ಈಗ ಉಳಿದ ತುಂಡಿಗೇ ನುಗ್ಗುತ್ತದೆ. ಅಲ್ಲಿನ ಒಂದೊಂದು ಗ್ರಾಂ ಅಂಗಾಂಶಕ್ಕೂ ಮೊದಲಿಗಿಂತ ದುಪ್ಪಟ್ಟು ರಕ್ತ ಸಿಗುತ್ತದೆ. ಲಿವರ್ ಮತ್ತೆ ಬೆಳೆಯಲು ಸಿಗುವ ಸೂಚನೆಗಳಲ್ಲಿ ಈ ನುಗ್ಗಾಟವೂ ಒಂದು. ಫೆಂಟನಿಲ್, ಲಿಗ್ನೊಕೇನ್‌ನಂಥ ಔಷಧಗಳನ್ನು ಲಿವರ್ ರಕ್ತದಿಂದ ಬಂದಷ್ಟೂ ಬಾಚಿಕೊಳ್ಳುತ್ತದೆ. ಅವುಗಳ ವಿಲೇವಾರಿ ನಿಂತಿರುವುದು ಎಷ್ಟು ರಕ್ತ ಹರಿಯಿತು ಎಂಬುದರ ಮೇಲೆ, ಹಾಗಾಗಿ ಲಿವರ್ ಅರ್ಧವಾದರೂ ವಿಲೇವಾರಿ ಅರ್ಧಕ್ಕೆ ಇಳಿಯುವುದಿಲ್ಲ. ಪ್ಯಾರಾಸಿಟಮಾಲಿನ ಕಥೆ ಬೇರೆ. ಅದು ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ: ಎಷ್ಟೇ ಜನ ನಿಂತರೂ ತೂಗುವವನೊಬ್ಬನೇ ಆದರೆ ಗಂಟೆಗೆ ಇಷ್ಟೇ ಚೀಲ. ಇಲ್ಲಿ ತೂಗುವ ಕೆಲಸ ಲಿವರಿನ ಕಿಣ್ವಗಳದು. ಜೀವಕೋಶ ಕಡಿಮೆಯಾದಷ್ಟೂ ಕಿಣ್ವ ಕಡಿಮೆ.

ಆ ಕಿಣ್ವಗಳಲ್ಲಿ ಎರಡು ಬಗೆ. ಮೊದಲ ಬಗೆಯವು ಅಣುವಿನ ಆಕಾರವನ್ನೇ ಮುರಿದು ಬದಲಾಯಿಸುತ್ತವೆ. ಅವುಗಳ ಮುಖ್ಯ ಕುಟುಂಬದ ಹೆಸರು ಸೈಟೋಕ್ರೋಮ್ ಪಿ-450. 450 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ ಎಂದು 1962ರಲ್ಲಿ ಜಪಾನಿನ ಒಮುರಾ ಮತ್ತು ಸಾಟೊ ಇಟ್ಟ ಹೆಸರು ಅದು. ಎರಡನೆಯ ಬಗೆಯವು ಔಷಧಕ್ಕೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ. ಮುಂದಿನದು ಮೂತ್ರದ ಅಥವಾ ಪಿತ್ತದ ಕೆಲಸ. ಕಾಯಿಲೆ ಬಿದ್ದ ಲಿವರಿನಲ್ಲಿ ಮೊದಲ ಬಗೆ ಬೇಗ ಸೋಲುತ್ತದೆ, ಎರಡನೆಯದು ಬಹಳ ದಿನ ತಡೆದುಕೊಳ್ಳುತ್ತದೆ. ವೈದ್ಯರ ಆಯ್ಕೆಯಲ್ಲಿ ಅರ್ಧ ಜಾಣತನ ಇದನ್ನು ನೆನಪಿಡುವುದರಲ್ಲೇ ಇದೆ.

ಈಗ ಪ್ಯಾರಾಸಿಟಮಾಲ್. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಈ ಔಷಧದ ಹುಟ್ಟಿನಲ್ಲೇ ಲಿವರಿನ ಕೈವಾಡವಿದೆ. 1886ರಲ್ಲಿ ಸ್ಟ್ರಾಸ್‌ಬರ್ಗಿನ ಕಾನ್ ಮತ್ತು ಹೆಪ್ ಎಂಬ ಇಬ್ಬರು ವೈದ್ಯರು ರೋಗಿಗೆ ಕೊಡಬೇಕಿದ್ದ ನ್ಯಾಫ್ತಲೀನ್ ಬದಲು ಔಷಧದಂಗಡಿಯ ತಪ್ಪಿನಿಂದ ಅಸೆಟನಿಲೈಡ್ ಎಂಬ ಪುಡಿ ಕೊಟ್ಟರು. ಜ್ವರ ಇಳಿಯಿತು! ನೋವಿಗೂ ಅದು ನಾಟಿತು. ಆದರೆ ಕೆಲವರಿಗೆ ತುಟಿ, ಉಗುರು ನೀಲಿಗಟ್ಟುತ್ತಿತ್ತು. ಆರು ದಶಕ ಜನ ಹಾಗೇ ನುಂಗಿದರು. 1948ರಲ್ಲಿ ನ್ಯೂಯಾರ್ಕಿನ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಗುಟ್ಟು ಬಿಡಿಸಿದರು: ಮೈ ಒಳಗೆ ಹೋದ ಅಸೆಟನಿಲೈಡಿನ ಬಹುಪಾಲು ಬೇರೊಂದು ವಸ್ತುವಾಗಿ ಬದಲಾಗುತ್ತದೆ, ನೋವು ಕಳೆಯುವುದು ಆ ವಸ್ತು. ನೀಲಿಗಟ್ಟಿಸುವುದು ಪಕ್ಕದಲ್ಲಿ ಹುಟ್ಟುವ ಅನಿಲೀನ್. ಆ ‘ಬೇರೊಂದು ವಸ್ತು’ವೇ ಪ್ಯಾರಾಸಿಟಮಾಲ್. ಅಂಗಡಿಯ ಕಪಾಟಿಗೆ ಬರುವ ಎಷ್ಟೋ ವರ್ಷ ಮೊದಲೇ ಸಾವಿರಾರು ಜನರ ಲಿವರ್ ಅದನ್ನು ಯಾರಿಗೂ ತಿಳಿಯದಂತೆ ತಯಾರಿಸುತ್ತಿತ್ತು.

ನಿಮ್ಮ ತಮ್ಮನಿಗೆ ಬಹುಶಃ ಕೊಟ್ಟದ್ದು 100 ಮಿಲಿ ಬಾಟಲಿಯ ದ್ರಾವಣ, ಒಂದು ಗ್ರಾಂ, ಕಾಲು ಗಂಟೆಯಲ್ಲಿ ನರಕ್ಕೆ ಹನಿಸುವಂಥದ್ದು. ಅದರ ಮುಂದಿನ ಪಯಣ ನೋಡಿ. ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಗ್ಲುಕುರೋನಿಕ್ ಆಮ್ಲ ಅಂಟುತ್ತದೆ, ಮೂರನೆಯ ಒಂದು ಭಾಗದಷ್ಟಕ್ಕೆ ಸಲ್ಫೇಟ್ ಅಂಟುತ್ತದೆ, ಎರಡೂ ನಿರಪಾಯವಾಗಿ ಮೂತ್ರದಲ್ಲಿ ಹೋಗುತ್ತವೆ. ನೂರಕ್ಕೆ ಐದರಿಂದ ಹತ್ತು ಭಾಗ, ಅಂದರೆ ಒಂದು ಗ್ರಾಮಿನಲ್ಲಿ 50ರಿಂದ 100 ಮಿಲಿಗ್ರಾಂ, ಪಿ-450 ಕುಟುಂಬದ ಕೈಗೆ ಸಿಕ್ಕಿ ಎನ್‌ಎಪಿಕ್ಯೂಐ ಎಂಬ ವಿಷವಾಗುತ್ತದೆ. ಎಲ್ಲ ರಗಳೆ ಈ ಚಿಕ್ಕ ಪಾಲಿನದು. ಲಿವರಿನಲ್ಲಿ ಗ್ಲುಟಾಥಯೋನ್ ಎಂಬ ಪದಾರ್ಥ ದಾಸ್ತಾನಿರುತ್ತದೆ. ವಿಷ ಹುಟ್ಟಿದ ಕೂಡಲೇ ಅದನ್ನು ಹಿಡಿದು ಅಡಗಿಸುವುದು ಅದರ ಕೆಲಸ. ದಾಸ್ತಾನು ಮುಕ್ಕಾಲು ಭಾಗದ ಹತ್ತಿರ ಖಾಲಿಯಾದಾಗಲೇ ಜೀವಕೋಶಗಳು ಸಾಯತೊಡಗುವುದು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ ಮಿತಿ. ಒಂದೇ ಸಲಕ್ಕೆ ಹತ್ತು ಗ್ರಾಂ ನುಂಗಿದವರ ಲಿವರ್ ಅಪಾಯಕ್ಕೆ ಸಿಗುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲಿ ಕೊಡುವ ಎನ್-ಅಸಿಟೈಲ್ ಸಿಸ್ಟೀನ್ ಮಾಡುವುದೂ ಗ್ಲುಟಾಥಯೋನ್ ದಾಸ್ತಾನನ್ನು ಮತ್ತೆ ತುಂಬುವ ಕೆಲಸವನ್ನೇ.

‘ಲಿವರಿಗೆ ಕೆಟ್ಟದ್ದು’ ಎಂಬ ಹೆಸರು ಬಂದದ್ದು ಇಂಥ ಅತಿಪ್ರಮಾಣದ ಪ್ರಕರಣಗಳಿಂದ. ಅಳತೆಯೊಳಗೆ ಕೊಟ್ಟರೆ ಪ್ಯಾರಾಸಿಟಮಾಲ್ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಬರುವುದಿಲ್ಲ, ಹೊಟ್ಟೆಹುಣ್ಣು ತರುವುದಿಲ್ಲ, ಮಂಪರು ಕವಿಸುವುದಿಲ್ಲ. ಆದರೂ ಆಪರೇಷನ್ ಆದವರಲ್ಲಿ ಎರಡು ಎಚ್ಚರಿಕೆ ಬೇಕು. ಕಿಣ್ವಗಳ ಕೆಲಸ ನಿಧಾನವಾದ್ದರಿಂದ ಔಷಧ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಮತ್ತು ಉಪವಾಸ, ಆಯಾಸ, ಊಟ ಸೇರದಿರುವುದು ಇವೆಲ್ಲ ಗ್ಲುಟಾಥಯೋನನ್ನು ತಗ್ಗಿಸುತ್ತವೆ. ಅದಕ್ಕೇ ಮೊದಲ ದಿನಗಳಲ್ಲಿ ಎರಡು ಡೋಸುಗಳ ನಡುವಿನ ಅಂತರ ಹಿಗ್ಗಿಸಿ, ದಿನದ ಮೊತ್ತವನ್ನು ಎರಡು-ಮೂರು ಗ್ರಾಮಿಗೆ ಕಟ್ಟಿಹಾಕುವುದು ಅನೇಕ ಆಸ್ಪತ್ರೆಗಳ ರೂಢಿ. ಸಿರೋಸಿಸ್ ಇರುವವರಿಗೂ ದಿನಕ್ಕೆ ಎರಡು ಗ್ರಾಮಿನವರೆಗೆ ಇದೇ ಮೊದಲ ಆಯ್ಕೆ ಎಂದರೆ ನಿಮ್ಮ ಊರಿನಲ್ಲಿ ಹಲವರು ಹುಬ್ಬೇರಿಸಬಹುದು.

ಪ್ಯಾರಾಸಿಟಮಾಲ್ ಒಂದರಿಂದ ಇಷ್ಟು ದೊಡ್ಡ ಗಾಯದ ನೋವು ತಗ್ಗುವುದಿಲ್ಲ. ಲಿವರಿನ ಒಡಲೊಳಗೆ ನೋವು ಹೇಳುವ ನರಗಳೇ ಇಲ್ಲ. ಅದರ ಮೇಲಿನ ತೆಳು ಪೊರೆಗೆ ಇವೆ, ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಸೀಳಿದ ಸ್ನಾಯುಗಳಿಗೆ ಇವೆ, ಮೇಲೆ ಒತ್ತಿಕೊಂಡಿರುವ ವಪೆಗೆ ಇವೆ. ವಪೆ ಕೆರಳಿದಾಗ ನೋವು ಬಲಭುಜದಲ್ಲಿ ಕಾಣಿಸುತ್ತದೆ, ಏಕೆಂದರೆ ಎರಡಕ್ಕೂ ನರ ಬರುವುದು ಕುತ್ತಿಗೆಯ ಒಂದೇ ಜಾಗದಿಂದ. ನೋವು ತಡೆಯದೆ ಹೋದರೆ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಶ್ವಾಸಕೋಶದ ತಳಭಾಗ ಕುಸಿಯುತ್ತದೆ, ಕಫ ಕೂಡಿ ನ್ಯುಮೋನಿಯಾಗೆ ದಾರಿಯಾಗುತ್ತದೆ. ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನ ಕೊಟ್ಟು ‘ಉಸಿರೆಳೆದು ಚೆಂಡು ಏರಿಸಿ’ ಎಂದು ನರ್ಸ್ ಗಂಟೆಗೊಮ್ಮೆ ಪೀಡಿಸಿದ್ದು ನೀವು ನೋಡಿರಬೇಕು. ನೋವು ಹಿಡಿತದಲ್ಲಿದ್ದರೆ ಮಾತ್ರ ಆ ಚೆಂಡು ಏರುತ್ತದೆ.

ಅದಕ್ಕಾಗಿ ಮಾರ್ಫಿನ್ ಅಥವಾ ಫೆಂಟನಿಲ್. ಲಿವರ್ ಮಾರ್ಫಿನ್ನಿಗೆ ಗ್ಲುಕುರೋನಿಕ್ ಆಮ್ಲ ಜೋಡಿಸಿ ಎರಡು ವಸ್ತು ಮಾಡುತ್ತದೆ. ಅವುಗಳಲ್ಲಿ ಒಂದು ಸ್ವತಃ ಬಲವಾದ ನೋವುಶಾಮಕ, ಅದು ಮೈಬಿಟ್ಟು ಹೋಗಬೇಕಾದ್ದು ಕಿಡ್ನಿಯ ಮೂಲಕ. ದೊಡ್ಡ ತುಂಡು ತೆಗೆದವರಲ್ಲಿ ಮಾರ್ಫಿನ್ ರಕ್ತದಲ್ಲಿ ಉಳಿಯುವುದು ಕರುಳಿನ ಆಪರೇಷನ್ ಆದವರಿಗಿಂತ ಹೆಚ್ಚು. ಕಿಡ್ನಿಯೂ ಸೊರಗಿದ್ದರೆ ಎರಡು ಕಡೆಯಿಂದಲೂ ಔಷಧ ಕೂಡಿಕೊಂಡು ಮಂಪರು, ಉಸಿರು ನಿಧಾನವಾಗುವುದು ಕಾಣಬಹುದು. 1960ರಲ್ಲಿ ಬೆಲ್ಜಿಯಮ್ಮಿನ ಪಾಲ್ ಯಾನ್ಸೆನ್ ತಂಡ ತಯಾರಿಸಿದ ಫೆಂಟನಿಲ್ಲಿನ ಅವಶೇಷಗಳಿಗೆ ಈ ಬಲವಿಲ್ಲ, ಆದ್ದರಿಂದ ಅನೇಕ ಅರಿವಳಿಕೆ ವೈದ್ಯರ ಒಲವು ಅತ್ತ.

ಈ ಔಷಧಗಳನ್ನು ಕೊಡುವ ಬಟನ್ ಪಂಪಿನ ಬಗ್ಗೆ ಒಂದು ಮಾತು. ರೋಗಿ ಕೈಯಲ್ಲಿನ ಬಟನ್ ಒತ್ತಿದರೆ ಪಂಪು ಚಿಕ್ಕ ಅಳತೆ ಕೊಡುತ್ತದೆ. ಮಾರ್ಫಿನ್ ಆದರೆ ಸಾಮಾನ್ಯವಾಗಿ ಒಂದು ಮಿಲಿಗ್ರಾಂ. ಮುಂದಿನ ಐದು-ಹತ್ತು ನಿಮಿಷ ಎಷ್ಟು ಒತ್ತಿದರೂ ಪಂಪು ಕೇಳುವುದಿಲ್ಲ. ಲಿವರ್ ಎಷ್ಟು ಬೇಗ ಔಷಧ ಕಳೆಯುತ್ತಿದೆ ಎಂದು ಮೊದಲೇ ಲೆಕ್ಕಹಾಕುವ ಕಷ್ಟವೇ ಇಲ್ಲಿ ಇಲ್ಲ: ಔಷಧ ಕೂಡಿಕೊಂಡರೆ ರೋಗಿಗೆ ನಿದ್ದೆ ಬರುತ್ತದೆ, ನಿದ್ದೆಯಲ್ಲಿದ್ದವರು ಬಟನ್ ಒತ್ತುವುದಿಲ್ಲ. ಇಡೀ ವ್ಯವಸ್ಥೆಯ ಕಾವಲು ಇಷ್ಟೇ. ಆದರೆ ನಮ್ಮ ವಾರ್ಡುಗಳಲ್ಲಿ ರೋಗಿಯ ಪಕ್ಕ ಒಬ್ಬ ದೊಡ್ಡಮ್ಮನೋ ಅತ್ತೆಯೋ ಕೂತಿರುತ್ತಾರೆ. ‘ಅಯ್ಯೋ ಪಾಪ, ನಿದ್ದೆಯಲ್ಲೂ ಮುಖ ಕಿವುಚ್ತಾ ಇದಾನೆ’ ಎಂದು ಅಂತಃಕರಣದಿಂದ ತಾವೇ ಒತ್ತಿಬಿಟ್ಟರೆ ಆ ಕಾವಲು ಹೋಯಿತು. ಬಟನ್ ರೋಗಿಯದು, ರೋಗಿಯದು ಮಾತ್ರ.

ಟ್ರಮಡಾಲ್ ವಿಚಿತ್ರ ಜಾತಿ. ಲಿವರ್ ಅದನ್ನು ಮುರಿದರೇ ಅದು ಸರಿಯಾಗಿ ಕೆಲಸಕ್ಕೆ ಬರುವುದು. ನೋವು ತಗ್ಗಿಸುವ ಬಲವಾದ ರೂಪ ಹುಟ್ಟುವುದು ಸಿವೈಪಿ2ಡಿ6 ಎಂಬ ಕಿಣ್ವದಿಂದ. ಲಿವರ್ ಸೊರಗಿದ್ದರೆ ಔಷಧ ಮೈಯಲ್ಲೇ ಉಳಿಯುತ್ತದೆ, ನೋವು ಮಾತ್ರ ಅಷ್ಟಾಗಿ ಹೋಗುವುದಿಲ್ಲ. ಕೊಡೀನ್ ಕೂಡ ಹೀಗೇ. ಅದರ ಮೇಲೆ ಈ ಕಿಣ್ವ ಹುಟ್ಟಿನಿಂದಲೇ ಕೆಲವರಲ್ಲಿ ಮಂದ, ಕೆಲವರಲ್ಲಿ ಅತಿ ಚುರುಕು. ನಿಮ್ಮ ಮನೆಯ ಮಟ್ಟಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ನಿಮ್ಮ ತಂದೆಯವರ ಲಿವರಿನ ಕಿಣ್ವಗಳನ್ನು ಈಗ ತಯಾರಿಸುತ್ತಿರುವುದು ನಿಮ್ಮ ತಮ್ಮನ ವಂಶವಾಹಿಗಳು. ಟ್ರಮಡಾಲ್ ಮೊದಲು ಅಪ್ಪನಿಗೆ ನಾಟುತ್ತಿರಲಿಲ್ಲ, ಈಗ ನಾಟುತ್ತದೆ ಎಂದಾದರೆ, ಅಥವಾ ಅದು ತಿರುವುಮುರುವಾದರೆ, ಬೆರಗಾಗಬೇಡಿ. ಔಷಧ ಅರಗಿಸುವ ವಿಷಯದಲ್ಲಿ ಮಗನ ಸ್ವಭಾವ ತಂದೆಗೆ ಬಂದಿರುತ್ತದೆ.

ಇನ್ನು ನೀವು ಕೇಳಿದ ಡೈಕ್ಲೋಫೆನಾಕ್. ಅದು, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಎಲ್ಲ ಒಂದೇ ಗುಂಪು. ರಕ್ತದಲ್ಲಿ ಇವು ಹೋಗುವುದು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ನೂರಕ್ಕೆ 99 ಭಾಗ ಹಾಗೇ. ಆಲ್ಬುಮಿನ್ ತಯಾರಾಗುವುದು ಲಿವರಿನಲ್ಲಿ, ದೊಡ್ಡ ಆಪರೇಷನ್ನಿನ ನಂತರ ಅದರ ಮಟ್ಟ ಇಳಿಯುತ್ತದೆ, ಅಂಟದೆ ಬಿಡಿಯಾಗಿ ಉಳಿಯುವ ಔಷಧ ಹೆಚ್ಚುತ್ತದೆ. ಆದರೆ ದೊಡ್ಡ ಭಯ ಬೇರೆಯೇ. ಈ ಮಾತ್ರೆಗಳು ಪ್ಲೇಟ್‌ಲೆಟ್‌ಗಳನ್ನು ಜಡಗೊಳಿಸುತ್ತವೆ. ಕೊಯ್ದ ಲಿವರಿನ ಮುಖ ಇನ್ನೂ ಹಸಿ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಮಾಡಬೇಕಾದ ಲಿವರೇ ಚಿಕ್ಕದಾಗಿದೆ, ಪ್ಲೇಟ್‌ಲೆಟ್ ಎಣಿಕೆಯೂ ಇಳಿದಿರುತ್ತದೆ. ಜೊತೆಗೆ ಕಿಡ್ನಿಗೆ ಹೋಗುವ ರಕ್ತವನ್ನು ಇವು ತಗ್ಗಿಸುತ್ತವೆ. ಅಂಥ ಸಮಯದಲ್ಲಿ ರಕ್ತಸ್ರಾವವನ್ನೋ ಕಿಡ್ನಿ ಸೋಲುವುದನ್ನೋ ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ. ರಕ್ತದ ವರದಿಗಳು ಸರಿಯಿದ್ದ ಯುವ ದಾನಿಗಳಿಗೆ ಕೆಲವು ದಿನಗಳ ನಂತರ ಚಿಕ್ಕ ಅವಧಿಗೆ ಕೊಡುವವರೂ ಇದ್ದಾರೆ, ಆದರೆ ಅದು ಅವರ ವೈದ್ಯರು ವರದಿ ನೋಡಿ ಮಾಡುವ ತೀರ್ಮಾನ. (ರಾಮನಗರದ ರಣಹದ್ದುಗಳ ಸುದ್ದಿ ಓದಿದವರಿಗೆ ಈ ಹೆಸರು ಪರಿಚಿತ. ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಅವು ಸತ್ತವು, 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು.)

ಎಪಿಡ್ಯೂರಲ್ ಬಗ್ಗೆಯೂ ಇದೇ ಹೆಪ್ಪುಗಟ್ಟುವಿಕೆಯ ಲೆಕ್ಕ. ಬೆನ್ನುಹುರಿಯ ಹೊರಗೆ ತೆಳು ನಳಿಕೆ ಇಟ್ಟು ನೋವಿನ ನರಗಳನ್ನೇ ಮರಗಟ್ಟಿಸುವುದು ಹೊಟ್ಟೆಯ ಆಪರೇಷನ್ನಿಗೆ ಬಲು ಒಳ್ಳೆಯ ಉಪಾಯ. ಆದರೆ ಲಿವರ್ ಕೊಯ್ದ ಮೊದಲ ಮೂರು ದಿನಗಳಲ್ಲಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ, ಏರಿರುತ್ತದೆ. ಆಗ ನಳಿಕೆ ಎಳೆದರೆ ಅಲ್ಲಿ ರಕ್ತ ಜಿನುಗಿ ಹುರಿಯನ್ನು ಒತ್ತುವ ಅಪಾಯವಿದೆ. ಅದಕ್ಕೆ ಕೆಲವು ಕಡೆ ಒಂದೇ ಸಲದ ಮಾರ್ಫಿನ್ ಇಂಜೆಕ್ಷನ್ನನ್ನು ಬೆನ್ನಿಗೆ ಕೊಡುತ್ತಾರೆ, ಕೆಲವು ಕಡೆ ಹೊಟ್ಟೆಯ ಗೋಡೆಯ ಸ್ನಾಯುಪದರಗಳ ನಡುವೆ ಮರಗಟ್ಟಿಸುವ ಔಷಧ ಬಿಡುತ್ತಾರೆ.

ಅಪ್ಪನಿಗೆ ಕಡಿಮೆ ಔಷಧ ಸಾಕಾದದ್ದು ನಿಮ್ಮ ಮನೆಯೊಂದರ ಅನುಭವವಲ್ಲ. ಲಿವರ್ ಪಡೆದವರು ಕೊಟ್ಟವರಿಗಿಂತ ಕಡಿಮೆ ನೋವಿನ ಔಷಧ ಕೇಳುವುದು ಕಸಿ ವಾರ್ಡಿನವರಿಗೆ ಚೆನ್ನಾಗಿ ಗೊತ್ತು. ಕಾರಣ ಹಲವು. ದೀರ್ಘಕಾಲ ಲಿವರ್ ಕೆಟ್ಟವರ ರಕ್ತದಲ್ಲಿ ದೇಹವೇ ತಯಾರಿಸುವ ಅಫೀಮಿನಂಥ ವಸ್ತುಗಳು ಹೆಚ್ಚಿರುತ್ತವೆ. ಹಳೆಯ ಲಿವರನ್ನು ತೆಗೆಯುವಾಗ ಅದಕ್ಕೆ ಬಂದಿದ್ದ ನರಗಳೂ ಕತ್ತರಿಸಿಹೋಗುತ್ತವೆ. ಕಸಿಯ ಹೊತ್ತಿಗೆ ಕೊಡುವ ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಹೊಸ ಲಿವರ್ ಕೆಲಸ ಹಿಡಿಯುವವರೆಗೆ ಕೊಟ್ಟ ಔಷಧವೂ ಮೆಲ್ಲಗೆ ಇಳಿಯುತ್ತದೆ. ತಮ್ಮನಿಗೆ ಇದ್ಯಾವುದೂ ಇಲ್ಲ. ಆರೋಗ್ಯವಾಗಿ ನಡೆದು ಬಂದು ಮೇಜಿನ ಮೇಲೆ ಮಲಗಿದವನಿಗೆ ನೋವು ಪೂರ್ತಿಯಾಗಿ ತಟ್ಟುತ್ತದೆ.

ಈಗ ಮನೆಯ ವಿಷಯ. ಉಳಿದ ಲಿವರ್ ಅತಿ ವೇಗವಾಗಿ ಹಿಗ್ಗುವುದು ಮೊದಲ ಎರಡು ವಾರಗಳಲ್ಲಿ. ಕಳೆದುಹೋದ ಭಾಗವೇ ಮತ್ತೆ ಮೊಳೆಯುವುದಿಲ್ಲ, ಉಳಿದದ್ದೇ ದಪ್ಪವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಹಳೆಯ ಗಾತ್ರದ ಹತ್ತಿರ ಬಂದಿರುತ್ತದೆ, ಕೆಲಸದ ಸಾಮರ್ಥ್ಯ ಅದಕ್ಕೂ ಮೊದಲೇ ಮರಳುತ್ತದೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಪ್ಯಾರಾಸಿಟಮಾಲ್ ಮಿತಿಯನ್ನು ಬದಲಿಸುವುದು ಯಾವಾಗ ಎಂದು ತಪಾಸಣೆಗೆ ಹೋದಾಗ ಕೇಳಿ.

ಅಲ್ಲಿಯವರೆಗೆ ಮಾತ್ರೆಯ ಹಾಳೆ ತಿರುಗಿಸಿ ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಚೀಟಿಯಲ್ಲಿ ದಿನಕ್ಕೆ ಎರಡು ಗ್ರಾಂ ಮಿತಿ ಎಂದಿದೆ ಅಂದುಕೊಳ್ಳಿ. ತಮ್ಮ ಪ್ಯಾರಾಸಿಟಮಾಲಿನದೇ ಮಾತ್ರೆಯಾದ ಡೋಲೋ-650 ಮೂರು ಹೊತ್ತು ನುಂಗಿದ, 1950 ಮಿಲಿಗ್ರಾಂ ಆಯಿತು, ಮಿತಿಯೊಳಗೇ ಇದೆ. ಸಂಜೆ ಶೀತ ಎಂದು ಅಮ್ಮ ಮೆಡಿಕಲ್ ಸ್ಟೋರಿನಿಂದ ತಂದ ಮಾತ್ರೆ ಎರಡು ಸಲ ಕೊಟ್ಟರು. ಅದರ ಹಿಂಬದಿಯ ಸಣ್ಣಕ್ಷರದಲ್ಲಿ ಪ್ಯಾರಾಸಿಟಮಾಲ್ 500 ಎಂದಿದ್ದರೆ ಮೊತ್ತ 2950ಕ್ಕೆ ಏರಿತು. ಬೆನ್ನುನೋವಿಗೆ ಅಂಗಡಿಯವರು ಕೊಡುವ ಅಸಿಕ್ಲೋಫೆನಾಕ್ ಜೋಡಿಮಾತ್ರೆಯಲ್ಲಿ 325 ಇರುತ್ತದೆ, ಟ್ರಮಡಾಲ್ ಜೋಡಿಮಾತ್ರೆಯಲ್ಲೂ 325. ಅಮೆರಿಕದಿಂದ ನೆಂಟರು ತರುವ ಟೈಲೆನಾಲ್ ಬಾಟಲಿಯ ಮೇಲೆ ಅಸಿಟಮಿನೊಫೆನ್ ಎಂದಿರುತ್ತದೆ, ಅದೂ ಪ್ಯಾರಾಸಿಟಮಾಲೇ. ಮದ್ಯವಂತೂ ಇಬ್ಬರಿಗೂ ಬೇಡ. ನಿತ್ಯ ಕುಡಿಯುವವರಲ್ಲಿ ಪ್ಯಾರಾಸಿಟಮಾಲನ್ನು ವಿಷವಾಗಿಸುವ ಕಿಣ್ವವೇ ಹೆಚ್ಚುತ್ತದೆ. ಮಲೆನಾಡಿನ ಮನೆಗಳಲ್ಲಿ ‘ಲಿವರಿಗೆ ಒಳ್ಳೆಯದು’ ಎಂದು ನೆಲನೆಲ್ಲಿ, ಅಮೃತಬಳ್ಳಿ ಕಷಾಯ ಕೊಡುವವರಿಗೆ ಕೊರತೆಯಿಲ್ಲ. ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಊದಿಕೊಂಡ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲೇ ಪ್ರಕಟಿಸಿದ್ದಾರೆ. ಕೇಳದೆ ಯಾವುದನ್ನೂ ಕೊಡಬೇಡಿ.

ತಂದೆಯವರಿಗೆ ಕಟ್ಟು ಇನ್ನೂ ಬಿಗಿ. ಹೊಸ ಲಿವರನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುವ ಔಷಧ ಹೆಚ್ಚಾಗಿ ಟಾಕ್ರೊಲಿಮಸ್. ಅದೊಂದೇ ಕಿಡ್ನಿಗೆ ಸಾಕಷ್ಟು ಭಾರ, ಡೈಕ್ಲೋಫೆನಾಕ್ ಜೊತೆಗೂಡಿದರೆ ಕಿಡ್ನಿ ಬೇಗ ಸೋಲುತ್ತದೆ. ಟಾಕ್ರೊಲಿಮಸ್ಸನ್ನು ಮುರಿಯುವ ಕಿಣ್ವವನ್ನು ಕಟ್ಟಿಹಾಕುವ ವಸ್ತು ಚಕ್ಕೋತದಲ್ಲಿದೆ. ಆದ್ದರಿಂದ ದೇವನಹಳ್ಳಿಯಿಂದ ಯಾರಾದರೂ ಪ್ರೀತಿಯಿಂದ ಹಣ್ಣು ತಂದರೆ ಅದು ಉಳಿದವರ ಪಾಲಿಗಿರಲಿ. ತಮ್ಮನಿಗೆ ಮುಂದಿನ ವರ್ಷ ಜ್ವರ ಬಂದರೆ ಎಲ್ಲರ ಹಾಗೆ ಪ್ಯಾರಾಸಿಟಮಾಲ್ ನುಂಗಬಹುದು. ಅಪ್ಪನಿಗೆ ಹಲ್ಲುನೋವು ಬಂದರೆ ಮಾತ್ರ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲೇ ‘ನನಗೆ ಲಿವರ್ ಕಸಿಯಾಗಿದೆ, ಟಾಕ್ರೊಲಿಮಸ್ ತಗೊಳ್ತೀನಿ’ ಎಂದು ಹೇಳಿಬಿಡಲಿ. ನೋವಿನ ಮಾತ್ರೆಯನ್ನಷ್ಟೇ ಅಲ್ಲ, ಚಕ್ಕೋತದ ಹಾಗೇ ಆ ಕಿಣ್ವವನ್ನು ಕಟ್ಟಿಹಾಕುವ ಎರಿತ್ರೋಮೈಸಿನ್‌ನಂಥ ಆಂಟಿಬಯೋಟಿಕ್ಕನ್ನೂ ಅವರು ಬದಲಿಸಿ ಬರೆಯಬೇಕಾಗುತ್ತದೆ.